ಹೊರವರ್ತುಲ ರಸ್ತೆಯ ಫರ್ಮ್‌ವೇರ್ ಎಂಜಿನಿಯರಿಗೆ ಅಕ್ಕಿಪೇಟೆಯಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಹೆಸರು ನನಗೆ ತಿಳಿಯದು, ನಿಮ್ಮ ಕೆಲಸ ಮಾತ್ರ ಚೆನ್ನಾಗಿ ಗೊತ್ತು. ನೀವು ಬರೆದ ಫರ್ಮ್‌ವೇರ್ ಇರುವ ಡಬ್ಬಿಗಳು ಅಕ್ಕಿಪೇಟೆಯ ಅಂಗಡಿಗಳಲ್ಲಿ ಕೆಟ್ಟು ನಿಂತಾಗ ಫೋನ್ ಬರುವುದು ನನಗೆ. ಮಾರತಹಳ್ಳಿ, ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ಕಚೇರಿಗಳಲ್ಲಿ ಕೂತು ಜಗತ್ತಿಗೆಲ್ಲ ನೆಟ್‌ವರ್ಕ್ ಸಾಧನಗಳ ಒಳಪ್ರೋಗ್ರಾಮು ಬರೆಯುವವರು ಬಹಳ ಜನ ಇದ್ದೀರಿ. ಆ ಸಾಧನ ಕೆಡುವ ಜಾಗವೂ ಇದೇ ಊರಿನಲ್ಲಿದೆ. ಆದರೂ ನಿಮ್ಮಿಂದ ನಮಗೆ ಒಂದು ಸಾಲಿನ ಮಾಹಿತಿ ಬರಬೇಕಾದರೆ ಅದು ಯಾವುದೋ ದೂರದ ಸಹಾಯವಾಣಿಯನ್ನು ಸುತ್ತಿ ಬರಬೇಕು. ಬಹಳ ಸಲ ಬರುವುದೇ ಇಲ್ಲ. ಅದಕ್ಕೇ ಹೀಗೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಕಾಟನ್‌ಪೇಟೆ, ಬಳೇಪೇಟೆ, ಸುಲ್ತಾನ್‌ಪೇಟೆಗಳ ಮಗ್ಗುಲಿನ ಈ ಅಕ್ಕಿಪೇಟೆಗೆ ನೀವು ಬಂದಿದ್ದೀರೋ ಇಲ್ಲವೋ. ಔಷಧಿ ಸಗಟು ವ್ಯಾಪಾರಕ್ಕೆ ಹೆಸರಾದ ಬೀದಿಗಳಿವು. ಕೆಳಗೆ ಕೌಂಟರು, ಮೇಲೆ ಅಥವಾ ಎದುರು ಕಟ್ಟಡದಲ್ಲಿ ಗೋಡೌನು. ಬಿಲ್ ಹಾಕುವ ನಾಲ್ಕೈದು ಕಂಪ್ಯೂಟರು, ಒಂದೆರಡು ಪ್ರಿಂಟರು, ಅವನ್ನೆಲ್ಲ ಜೋಡಿಸುವ ಒಂದು ಸಣ್ಣ ಡಬ್ಬಿ. ಅದನ್ನು ಅಟ್ಟದ ಕೆಳಗೆ ಒಂದು ಮೊಳೆಗೆ ನೇತು ಹಾಕಿರುತ್ತಾರೆ, ಪಕ್ಕದಲ್ಲೇ ಯುಪಿಎಸ್ ಬಿಸಿಗಾಳಿ ಬಿಡುತ್ತಿರುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ, ಅದರ ಹಿಂದೆಯೇ 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಬಂದ ಮೇಲೆ, ಕೈಬಿಲ್ ಬರೆದು ಮಾಲು ಕಳಿಸಿ ಆಮೇಲೆ ನೋಡಿಕೊಳ್ಳೋಣ ಎನ್ನುವ ಕಾಲ ಹೋಯಿತು. ಡಬ್ಬಿ ನಿಂತರೆ ಬಿಲ್ ಇಲ್ಲ, ಬಿಲ್ ಇಲ್ಲದೆ ಮಾಲು ಹೊಸ್ತಿಲು ದಾಟುವುದಿಲ್ಲ. ಆ ಮಾಲಿನಲ್ಲಿ ಯಾವುದೋ ಊರಿನ ಮೆಡಿಕಲ್ ಸ್ಟೋರಿನಲ್ಲಿ ಮುಗಿದುಹೋಗಿರುವ ಇನ್ಸುಲಿನ್ ಇರಬಹುದು.

ಈ ಬೀದಿಯಲ್ಲಿ ಮಾರುವ ಒಂದೊಂದು ಮಾತ್ರೆಯ ಪಟ್ಟಿಯನ್ನೂ ತಿರುಗಿಸಿ ನೋಡಿ. ಬ್ಯಾಚ್ ನಂಬರು ಇರುತ್ತದೆ. ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಇರುತ್ತವೆ. ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳ ಮೇಲೆ 2023ರ ಆಗಸ್ಟ್ 1ರಿಂದ ಬಾರ್‌ಕೋಡೋ ಕ್ಯೂಆರ್ ಕೋಡೋ ಇರಲೇಬೇಕೆಂಬ ನಿಯಮವೂ ಬಂತು. ಗುಣಮಟ್ಟದ ಪರೀಕ್ಷೆಯಲ್ಲಿ ಸೋತ ಬ್ಯಾಚುಗಳ ಪಟ್ಟಿಯನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳೂ ಪ್ರಕಟಿಸುತ್ತದೆ. ಅದನ್ನು ನೋಡಿ ಗುಮಾಸ್ತರು ರ‍್ಯಾಕಿನಿಂದ ಆ ಪೆಟ್ಟಿಗೆ ತೆಗೆದು ಬದಿಗಿಡಬಹುದು. ಇಷ್ಟು ಕಟ್ಟುನಿಟ್ಟಿನ ಪೇಟೆಯಲ್ಲಿ, ಆ ಬಿಲ್ಲುಗಳೆಲ್ಲ ಹಾದುಹೋಗುವ ನಿಮ್ಮ ಡಬ್ಬಿಯ ಮೇಲೆ ಏನಿದೆ? ಕಂಪನಿಯ ಲಾಂಛನ ದೊಡ್ಡದಾಗಿದೆ. ಒಳಗಿನ ಹಲಗೆ ಎಷ್ಟನೇ ಪರಿಷ್ಕರಣೆಯದು ಎಂಬುದು ತಳದಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ಅದೂ ಇದ್ದರೆ. ಫರ್ಮ್‌ವೇರಿಗೆ ಎಲ್ಲಿಯವರೆಗೆ ತಿದ್ದುಪಡಿ ಬರುತ್ತದೆ ಎಂಬುದು ಎಲ್ಲೂ ಇಲ್ಲ. ನಾನು ಕೇಳಬೇಕೆಂದಿರುವುದೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಅಂಗಡಿಯವರು ಎಲ್ಲ ಡಬ್ಬಿಯನ್ನೂ ಹಬ್ ಎನ್ನುತ್ತಾರೆ. ಹಳೆಯ ಹಬ್ ಸರಳ ಜೀವಿ. ಒಂದು ಪೋರ್ಟಿಗೆ ಬಂದ ಸಂಕೇತವನ್ನು ಉಳಿದೆಲ್ಲ ಪೋರ್ಟಿಗೂ ಎರಚುತ್ತಿತ್ತು, ಯಾರಿಂದ ಯಾರಿಗೆ ಎಂದು ನೋಡುತ್ತಿರಲಿಲ್ಲ. ಇಬ್ಬರು ಒಟ್ಟಿಗೆ ಕಳಿಸಿದರೆ ಡಿಕ್ಕಿಯಾಗಿ, ಮುಂಭಾಗದ ಡಿಕ್ಕಿಯ ದೀಪ ಮಿನುಗುತ್ತಿತ್ತು. ಅದು ಕೆಟ್ಟರೆ ಕಾರಣ ಕರೆಂಟು, ಪೋರ್ಟು ಅಥವಾ ಕೇಬಲು. ಕಣ್ಣಿಗೂ ಮಲ್ಟಿಮೀಟರಿಗೂ ಸಿಗುವಂಥವು. 1990ರ ಹೊತ್ತಿಗೆ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಕಟ್ಟಿದ ಕಲ್ಪನಾ ಎಂಬ ಕಂಪನಿ ಮೊದಲ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡಿತು. ಸ್ವಿಚ್ಚು ಪ್ರತಿ ಪೊಟ್ಟಣದ ವಿಳಾಸ ಓದಿ ಸರಿಯಾದ ಪೋರ್ಟಿಗಷ್ಟೇ ಕಳಿಸುತ್ತದೆ, ಅದಕ್ಕಾಗಿ ನೆನಪು ಇಟ್ಟುಕೊಳ್ಳುತ್ತದೆ, ಸರತಿ ಕಟ್ಟುತ್ತದೆ. ವೇಗ ಬಂತು, ದೊಡ್ಡ ಉಪಕಾರವಾಯಿತು. ಜೊತೆಗೆ ರೋಗವೂ ತಂತಿಯಿಂದ ಚಿಪ್ಪಿನ ಒಳಕ್ಕೆ ಸರಿಯಿತು. ಅಲ್ಲಿಗೆ ಇಣುಕಲು ನಮಗೆ ಕಿಟಕಿಯೇ ಇಲ್ಲ.

ಹೊರಗಿನ ರೋಗಗಳ ಬಗ್ಗೆ ನಿಮ್ಮನ್ನು ಹೆಚ್ಚು ದೂರುವುದಿಲ್ಲ, ಅವುಗಳಲ್ಲಿ ನಮ್ಮ ಬೀದಿಯ ಪಾಲು ದೊಡ್ಡದು. ಅಡಾಪ್ಟರಿನ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನಲ್ಲಿ ದ್ರವ ಇರುತ್ತದೆ. ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧವಾಗುತ್ತದೆ. ತಗಡಿನ ಮಾಡಿನ ಕೆಳಗೆ, ಯುಪಿಎಸ್ ಪಕ್ಕದಲ್ಲಿ ಇಟ್ಟರೆ ಇನ್ನೇನಾಗಬೇಕು? ತಲೆ ಉಬ್ಬುತ್ತದೆ. ಮಜವೆಂದರೆ ಡಬ್ಬಿಯಿಂದ ಕಿತ್ತು ಮಲ್ಟಿಮೀಟರ್ ಹಿಡಿದರೆ ಅಡಾಪ್ಟರು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಭಾರ ಬಿದ್ದಾಗಷ್ಟೇ ಕುಸಿಯುತ್ತದೆ. ಹಾಗಾಗಿ ಬೆಳಿಗ್ಗೆ ಅಂಗಡಿ ತೆಗೆದಾಗ ಎಲ್ಲ ಸರಿ, ಎಲ್ಲ ಕೌಂಟರೂ ಬಿಲ್ ಹಾಕತೊಡಗಿದ ಮೇಲೆ ಡಬ್ಬಿ ತನ್ನಷ್ಟಕ್ಕೆ ಆರಿ ಹತ್ತುತ್ತದೆ. ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಹೇಳುವ ಪಾಠ ಇದು: ಅಡಾಪ್ಟರನ್ನು ದುಡಿಯುವಾಗ ಅಳೆಯಬೇಕು. ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಹೊಸ ಕೆಪಾಸಿಟರ್ ಸಿಗುತ್ತದೆ, ಬೆಸುಗೆ ಹಾಕಿದರೆ ಆಯಿತು.

ಇದರಲ್ಲೂ ನೀವು ಮಾಡಬಹುದಾದ ಒಂದು ಕೆಲಸ ಉಂಟು. 5, 9, 12 ವೋಲ್ಟಿನ ಅಡಾಪ್ಟರುಗಳಿಗೆಲ್ಲ ಒಂದೇ ಅಳತೆಯ ಪಿನ್ನು ಇಡುತ್ತೀರಿ. ಅವಸರದಲ್ಲಿ ಹುಡುಗ ಪಕ್ಕದ ಸಿಸಿಟಿವಿಯ ಅಡಾಪ್ಟರ್ ಚುಚ್ಚುತ್ತಾನೆ, ಡಬ್ಬಿ ಸುಟ್ಟುಹೋಗುತ್ತದೆ. ತೂತಿನ ಪಕ್ಕದಲ್ಲೇ ಎಷ್ಟು ವೋಲ್ಟು, ನಡುವಿನದು ಪ್ಲಸ್ಸೋ ಮೈನಸ್ಸೋ ಎಂದು ಎದ್ದು ಕಾಣುವಂತೆ ಅಚ್ಚು ಹಾಕಿಸಿ. ಅಚ್ಚಿಗೆ ತಗಲುವ ಖರ್ಚು ಎಷ್ಟೆಂದು ನಿಮಗೇ ಗೊತ್ತು.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯದು ಬೇರೆ ಕಥೆ. ಅಂಗಡಿಯಿಂದ ಎದುರಿನ ಗೋಡೌನಿಗೆ ಗಲ್ಲಿಯ ಮೇಲೆ ತಾಮ್ರದ ಕೇಬಲ್ ಎಳೆದಿರುತ್ತಾರೆ. ಪ್ರತಿ ಪೋರ್ಟಿನ ಹಿಂದೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದು 1,500 ವೋಲ್ಟಿನ ಪರೀಕ್ಷೆಯನ್ನು ತಾಳುತ್ತದೆ. ಹತ್ತಿರದಲ್ಲಿ ಸಿಡಿಲು ಹೊಡೆದರೆ ಅದು ಸಾಲದು. ಅರ್ಥಿಂಗ್ ಇಲ್ಲದ ಹಳೆಯ ಕಟ್ಟಡವಾದರಂತೂ ಮುಗಿಯಿತು. ಎರಡು ಕಟ್ಟಡಗಳ ನಡುವೆ ಫೈಬರ್ ಎಳೆಯಿರಿ ಎಂದು ನಾನು ಅಂಗಡಿಯವರಿಗೆ ಹೇಳುತ್ತಲೇ ಇರುತ್ತೇನೆ. ಅದು ನಾವು ನಾವು ಬಗೆಹರಿಸಿಕೊಳ್ಳಬೇಕಾದ ವಿಷಯ.

ಈಗ ನಿಮ್ಮ ಹೊಣೆಯ ಒಳರೋಗಕ್ಕೆ ಬರುತ್ತೇನೆ.

ಇಲ್ಲಿನ ಒಂದು ಅಂಗಡಿಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಇಡೀ ನೆಟ್‌ವರ್ಕ್ ನಿಂತುಬಿಡುತ್ತಿತ್ತು. ಡಬ್ಬಿಯ ದೀಪಗಳೆಲ್ಲ ಹಸಿರಾಗೇ ಉರಿಯುತ್ತಿದ್ದವು. ಅಡಾಪ್ಟರ್ ಸರಿ ಇತ್ತು, ಕೇಬಲುಗಳು ಸರಿ ಇದ್ದವು. ಒಂದೇ ಕೇಬಲಿನ ಎರಡು ತುದಿಯನ್ನೂ ಯಾರಾದರೂ ಅದೇ ಡಬ್ಬಿಗೆ ಚುಚ್ಚಿ ಸುತ್ತು ಮಾಡಿದ್ದಾರೋ ಎಂದರೆ ಅದೂ ಇಲ್ಲ. ಡಬ್ಬಿಯನ್ನು ಆರಿಸಿ ಹಚ್ಚಿದರೆ ಕ್ಷಣಕಾಲ ಉಸಿರಾಡಿ ಮತ್ತೆ ನಿಲ್ಲುತ್ತಿತ್ತು. ಮಾಲೀಕರು ಡಬ್ಬಿ ಸತ್ತಿತು, ಹೊಸದು ತನ್ನಿ ಎಂದರು. ಬೇರೆ ಡಬ್ಬಿ ಹಾಕಿದರೂ ಅದೇ ಗತಿ. ಕೊನೆಗೆ ಕೇಬಲುಗಳನ್ನು ಒಂದೊಂದಾಗಿ ಕೀಳುತ್ತ ಬಂದಾಗ ಮೇಲಿನ ಗೋಡೌನಿನ ಕಂಪ್ಯೂಟರಿನ ಕೇಬಲ್ ಕಿತ್ತ ಕೂಡಲೇ ಉಳಿದವೆಲ್ಲ ಎದ್ದವು. ಆ ಕಂಪ್ಯೂಟರು ಕೆಲಸವನ್ನೇ ಮಾಡುತ್ತಿರಲಿಲ್ಲ. ಅದರ ಮುಂದೆ ಕೂರುವವರು ಊಟಕ್ಕೆ ಹೋಗಿದ್ದರು, ಅದು ಅರೆನಿದ್ದೆಯಲ್ಲಿ ಸಿಕ್ಕಿಬಿದ್ದಿತ್ತು.

ನಿಮಗೆ ಇಷ್ಟರಲ್ಲೇ ಹೊಳೆದಿರುತ್ತದೆ. ಓದುತ್ತಿರುವ ಅಂಗಡಿಯವರಿಗಾಗಿ ಬಿಡಿಸಿ ಹೇಳುತ್ತೇನೆ. ಈಥರ್ನೆಟ್ಟಿಗೆ 1997ರಲ್ಲಿ ಪಾಜ್ (pause) ಎಂಬ ವ್ಯವಸ್ಥೆ ಸೇರಿತು. ತನ್ನ ಬುಟ್ಟಿ ತುಂಬಿದ ಕಂಪ್ಯೂಟರು ಸ್ವಿಚ್ಚಿಗೆ ಸ್ವಲ್ಪ ತಡೆ, ಕಳಿಸಬೇಡ ಎಂದು ಹೇಳುವ ಸಂದೇಶ ಅದು. 100 ಮೆಗಾಬಿಟ್ ವೇಗದ ತಂತಿಯಲ್ಲಿ ಒಂದು ಸಂದೇಶ ಹೆಚ್ಚೆಂದರೆ ಒಂದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ತಡೆಯಬಲ್ಲದು. ಸೆಕೆಂಡಿಗೆ ಮೂರು ಸಂದೇಶ ಬಿಟ್ಟರೆ ಆ ತಂತಿ ಪೂರ್ತಿ ಸ್ತಬ್ಧ. ಕಂಪ್ಯೂಟರು ಸಿಕ್ಕಿಬಿದ್ದಾಗ ಬುಟ್ಟಿಯನ್ನು ಖಾಲಿ ಮಾಡುವವರು ಇರುವುದಿಲ್ಲ. ನೆಟ್‌ವರ್ಕ್ ಕಾರ್ಡಿಗೆ ಮಾತ್ರ ಕರೆಂಟು ಇರುತ್ತದೆ, ಅದು ತಡೆ, ತಡೆ ಎನ್ನುತ್ತಲೇ ಇರುತ್ತದೆ. ಸ್ವಿಚ್ಚು ಆ ಪೋರ್ಟಿಗೆ ಹೋಗಬೇಕಾದ ಪೊಟ್ಟಣಗಳನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಅಗ್ಗದ ಸ್ವಿಚ್ಚಿನಲ್ಲಿ ಆ ಹೊಟ್ಟೆ ಎಲ್ಲ ಪೋರ್ಟಿಗೂ ಸೇರಿ ಒಂದೇ. ಅದು ತುಂಬಿದ ಮೇಲೆ ಸ್ವಿಚ್ಚು ಉಳಿದ ಕಂಪ್ಯೂಟರುಗಳಿಗೂ ತಡೆ ಎನ್ನತೊಡಗುತ್ತದೆ. ಅಲ್ಲಿಗೆ ಎಲ್ಲ ಕೌಂಟರೂ ಸ್ತಬ್ಧ. ಈ ಸಂದೇಶಗಳು ಆ ಒಂದು ತಂತಿಯನ್ನು ದಾಟಿ ಮುಂದೆ ಹೋಗುವುದಿಲ್ಲವಾದ್ದರಿಂದ ಬೇರೆ ಪೋರ್ಟಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವನಿಗೆ ಏನೂ ಕಾಣುವುದಿಲ್ಲ.

ಆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನಲ್ಲಿ ಈ ತಡೆಯ ವ್ಯವಸ್ಥೆಯನ್ನು, ಅಂದರೆ ಫ್ಲೋ ಕಂಟ್ರೋಲನ್ನು, ನಿಲ್ಲಿಸಿದ ಮೇಲೆ ಅಂಗಡಿ ನೆಮ್ಮದಿಯಾಯಿತು. ಆದರೆ ನಿಮ್ಮ ಡಬ್ಬಿಯಲ್ಲಿ ಅದನ್ನು ನಿಲ್ಲಿಸಲು ಗುಂಡಿಯೂ ಇಲ್ಲ, ಪುಟವೂ ಇಲ್ಲ. ಒಂದು ಪೋರ್ಟು ಇಷ್ಟು ಹೊತ್ತಿನಿಂದ ತಡೆ ಎನ್ನುತ್ತಿದೆ, ಇದು ಸಹಜವಲ್ಲ ಎಂದು ಸ್ವಿಚ್ಚು ತಾನೇ ಅರಿತು ಆ ಸಂದೇಶವನ್ನು ಕಡೆಗಣಿಸುವಂತೆ ಬರೆಯಬಹುದು. ದುಬಾರಿ ಸ್ವಿಚ್ಚುಗಳಲ್ಲಿ ಇಂಥ ಕಾವಲು ಇದೆ. ಅಗ್ಗದ್ದರಲ್ಲಿ ಕನಿಷ್ಠ ಆ ಪೋರ್ಟಿನ ದೀಪವನ್ನಾದರೂ ಬೇರೆ ಬಗೆಯಲ್ಲಿ ಮಿನುಗಿಸಿ. ಹಳೆಯ ಹಬ್ಬಿಗೆ ತನ್ನ ಡಿಕ್ಕಿಯನ್ನು ತೋರಿಸುವ ದೀಪ ಇತ್ತು. ಹೊಸದು ಉಸಿರು ನಿಂತಿದ್ದರೂ ಹಸಿರು ದೀಪ ತೋರಿಸುತ್ತದೆ. ಆ ದೀಪವನ್ನು ನಂಬಿ ಅಂಗಡಿಯವರು ಮೊದಲು ಬಿಲ್ಲಿಂಗ್ ಸಾಫ್ಟ್‌ವೇರಿನವರನ್ನು ಕರೆಯುತ್ತಾರೆ, ಆಮೇಲೆ ಇಂಟರ್ನೆಟ್ ಕೊಟ್ಟವರನ್ನು, ಆಮೇಲೆ ಕಂಪ್ಯೂಟರ್ ಮಾರಿದವರನ್ನು. ಸಂಜೆಯಾಗುತ್ತದೆ.

ಇನ್ನು ಪರಿಷ್ಕರಣೆಯ ವಿಷಯ. ಪೆಟ್ಟಿಗೆಯ ಮೇಲೆ ಒಂದೇ ಮಾದರಿಯ ಹೆಸರು, ಒಳಗೆ ಬೇರೆ ಚಿಪ್ಪು, ಬೇರೆ ಅಳತೆಯ ಫ್ಲ್ಯಾಶ್ ಮೆಮೊರಿ. ಇದು ಹೊಸ ಚಾಳಿಯೂ ಅಲ್ಲ. 2002ರ ಕೊನೆಯಲ್ಲಿ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರನ್ನು ನೆನಪಿಸಿಕೊಳ್ಳಿ. ಅದರೊಳಗೆ ಲಿನಕ್ಸ್ ಇದೆಯೆಂದು ಹೊರಗಿನವರು ಪತ್ತೆ ಮಾಡಿದರು, ಲಿನಕ್ಸಿನ ಪರವಾನಗಿಯ ಪ್ರಕಾರ 2003ರಲ್ಲಿ ಮೂಲಸಂಕೇತ ಹೊರಬಂತು, ಅದರ ಮೇಲೆ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಹುಟ್ಟಿತು. ಜಗತ್ತಿನ ಎಷ್ಟೋ ಹಳೆಯ ರೂಟರುಗಳು ಇವತ್ತಿಗೂ ಬದುಕಿರುವುದು ಅದರ ದಯೆಯಿಂದ. 2005ರಲ್ಲಿ ಅದೇ ಹೆಸರಿನ ಐದನೇ ಪರಿಷ್ಕರಣೆ ಬಂದಾಗ ಫ್ಲ್ಯಾಶ್ 4 ಮೆಗಾಬೈಟಿನಿಂದ 2ಕ್ಕೆ, ರ‍್ಯಾಮ್ 16ರಿಂದ 8ಕ್ಕೆ ಇಳಿದಿತ್ತು, ಲಿನಕ್ಸಿನ ಜಾಗದಲ್ಲಿ ಬೇರೆ ವ್ಯವಸ್ಥೆ ಕೂತಿತ್ತು. ಹೆಸರು ನೋಡಿ ಕೊಂಡವರಿಗೆ ಇದು ತಿಳಿಯುವುದು ಹೇಗೆ?

ನಮ್ಮಲ್ಲಿ ಇದರ ಫಲ ಏನೆಂದರೆ, ಸ್ವಲ್ಪ ತಿಳಿದ ಹುಡುಗ ಮಾದರಿಯ ಹೆಸರು ನೋಡಿ ಹೊಸ ಫರ್ಮ್‌ವೇರ್ ಇಳಿಸಿಕೊಂಡು ಹಾಕುತ್ತಾನೆ, ಅದು ಬೇರೆ ಪರಿಷ್ಕರಣೆಯದಾಗಿರುತ್ತದೆ. ಅಥವಾ ಅರ್ಧ ಬರೆಯುವಾಗ ಕರೆಂಟು ಹೋಗುತ್ತದೆ. ಡಬ್ಬಿ ಇಟ್ಟಿಗೆಯಾಗುತ್ತದೆ. ದೇಹದಲ್ಲಿ ಒಂದು ಗಾಯವೂ ಇಲ್ಲ. ಅದನ್ನು ಎಬ್ಬಿಸುವ ದಾರಿಗಳು ನಿಮಗೆ ಗೊತ್ತು, ನಾವೂ ತಡವರಿಸುತ್ತ ಕಲಿತಿದ್ದೇವೆ. ಕೆಲವು ಡಬ್ಬಿಗಳ ಬೂಟ್‌ಲೋಡರು ಹಚ್ಚಿದ ಕೂಡಲೇ ಕೆಲವು ಸೆಕೆಂಡು ಒಂದು ಗೊತ್ತಾದ ವಿಳಾಸದಲ್ಲಿ ಟಿಎಫ್‌ಟಿಪಿ ಎಂಬ ಕಡತ ಸಾಗಿಸುವ ವಿಧಾನದ ಮೂಲಕ ಫರ್ಮ್‌ವೇರಿಗಾಗಿ ಹುಡುಕುತ್ತದೆ. ಆ ವಿಳಾಸವನ್ನು ಲ್ಯಾಪ್‌ಟಾಪಿಗೆ ಕೊಟ್ಟು ಸರಿಯಾದ ಹೆಸರಿನ ಕಡತ ಇಟ್ಟರೆ ತಾನೇ ಎಳೆದುಕೊಳ್ಳುತ್ತದೆ. ಆ ವಿಳಾಸ ಯಾವುದು, ಕಡತದ ಹೆಸರು ಏನು? ಕೈಪಿಡಿಯಲ್ಲಿ ಇರುವುದಿಲ್ಲ.

ಅದೂ ಆಗದಿದ್ದರೆ ಹಲಗೆಯ ಮೇಲೆ ಸಾಲಾಗಿರುವ ನಾಲ್ಕು ತೂತುಗಳಿಗೆ 3.3 ವೋಲ್ಟಿನ ಸೀರಿಯಲ್ ಕೇಬಲ್ ಹಿಡಿಯುತ್ತೇವೆ. ಸಾಮಾನ್ಯವಾಗಿ 1,15,200 ಬಾಡ್ ವೇಗ. ಆಗ ಡಬ್ಬಿ ಬಾಯಿ ಬಿಡುತ್ತದೆ. ಮೆಮೊರಿ ನೋಡಿದೆ, ಫ್ಲ್ಯಾಶ್ ನೋಡಿದೆ, ಚೆಕ್‌ಸಮ್ ತಾಳೆಯಾಗಲಿಲ್ಲ ಎಂದು ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಆ ಸಾಲುಗಳು ಪರದೆಯ ಮೇಲೆ ಮೂಡುವಾಗ ನನಗಾಗುವ ಸಂತೋಷವನ್ನು ನೀವು ಬಲ್ಲಿರಿ, ಏಕೆಂದರೆ ಅವನ್ನು ಬರೆದವರು ನೀವೇ. ಹಾಗಿದ್ದೂ ಮಾರಾಟಕ್ಕೆ ಹೋಗುವ ಹಲಗೆಯಲ್ಲಿ ಆ ತೂತುಗಳ ಹೆಸರು ಅಳಿಸಿರುತ್ತೀರಿ, ನಡುವಿನ ಒಂದು ರೆಸಿಸ್ಟರು ಕಿತ್ತಿರುತ್ತೀರಿ. ಆಗ ಉಳಿಯುವುದು ಒಂದೇ ದಾರಿ: ಎಂಟು ಕಾಲಿನ ಫ್ಲ್ಯಾಶ್ ಚಿಪ್ಪಿಗೆ ಕ್ಲಿಪ್ ಕಚ್ಚಿಸಿ ಪ್ರೋಗ್ರಾಮರಿನಿಂದ ನೇರ ಬರೆಯುವುದು. ಅದಕ್ಕೆ ಅದೇ ಪರಿಷ್ಕರಣೆಯ ಬದುಕಿರುವ ಇನ್ನೊಂದು ಡಬ್ಬಿಯ ಪ್ರತಿ ಬೇಕು. ಅದಕ್ಕೇ ಕೈಗೆ ಸಿಕ್ಕ ಪ್ರತಿ ಡಬ್ಬಿಯ ಪ್ರತಿಯನ್ನೂ ಮಾಲೀಕರನ್ನು ಕೇಳಿ ತೆಗೆದಿಟ್ಟುಕೊಳ್ಳುತ್ತೇವೆ.

ಸುರಕ್ಷತೆಗಾಗಿ ಮುಚ್ಚಿದ್ದೇವೆ ಎನ್ನುತ್ತೀರಿ. ಆ ಮಾತಿನಲ್ಲಿ ಹುರುಳಿದೆ, ತಳ್ಳಿಹಾಕುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರುಗಳನ್ನು ಲಕ್ಷಗಟ್ಟಲೆ ಹಿಡಿದು ಅಕ್ಟೋಬರ್ 21ರಂದು ಜಾಲತಾಣಗಳ ವಿಳಾಸ ಹುಡುಕಿಕೊಡುವ ಡಿನ್ ಎಂಬ ಸಂಸ್ಥೆಯ ಮೇಲೆ ಛೂ ಬಿಟ್ಟಾಗ ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳು ಮುಗ್ಗರಿಸಿದವು. 2018ರಲ್ಲಿ ವಿಪಿಎನ್‌ಫಿಲ್ಟರ್ ಸುಮಾರು 5 ಲಕ್ಷ ಸಾಧನಗಳಿಗೆ ಹೊಕ್ಕಿತ್ತು. ಸಹಿ ಇಲ್ಲದ ಫರ್ಮ್‌ವೇರನ್ನು ಡಬ್ಬಿ ಒಪ್ಪಬಾರದು, ಸರಿ. ಆದರೆ ಆ ಎರಡೂ ಪ್ರಕರಣಗಳಲ್ಲಿ ಕೇಡು ಬಂದದ್ದು ಇಂಟರ್ನೆಟ್ಟಿನ ಕಡೆಯಿಂದ, ಹಳೆಯ ಫರ್ಮ್‌ವೇರಿನ ತೂತುಗಳಿಂದ, ಸುಲಭದ ಪಾಸ್‌ವರ್ಡಿನಿಂದ. ಅಟ್ಟದ ಕೆಳಗೆ ಸ್ಕ್ರೂಡ್ರೈವರ್ ಹಿಡಿದು ನಿಂತವನಿಂದ ಬರಲಿಲ್ಲ. ನಿಮ್ಮದೇ ಸಹಿ ಇರುವ ಫರ್ಮ್‌ವೇರನ್ನು, ನೀವೇ ಬರೆದ ದಾರಿಯಲ್ಲಿ, ಸತ್ತ ಡಬ್ಬಿಗೆ ಮತ್ತೆ ಹಾಕಲು ಬಿಡಿ ಎಂದು ನಾನು ಕೇಳುತ್ತಿದ್ದೇನೆ. ಬೀಗ ಹಾಗೇ ಇರಲಿ, ಬೀಗದ ಕೈ ಮಾಡಿಸುವ ಅಂಗಡಿಯ ವಿಳಾಸ ಕೊಡಿ.

ತಿದ್ದುಪಡಿ ಕೊಡುವ ಅವಧಿಯ ವಿಷಯದಲ್ಲಿ ಬೇರೆ ದೇಶಗಳು ನಿಮಗೆ ಆಗಲೇ ಹೇಳಿವೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಮನೆಬಳಕೆಯ ಇಂಥ ಸಾಧನ ಮಾರುವವರು ಸುರಕ್ಷತಾ ತಿದ್ದುಪಡಿ ಕನಿಷ್ಠ ಎಲ್ಲಿಯವರೆಗೆ ಬರುತ್ತದೆಂದು ಮುಂಚಿತವಾಗಿ ಪ್ರಕಟಿಸಬೇಕು. ಊಹಿಸಬಹುದಾದ ಪಾಸ್‌ವರ್ಡ್ ಇಡುವಂತಿಲ್ಲ. ಐರೋಪ್ಯ ಒಕ್ಕೂಟದ ಇಂಥದೇ ಕಾನೂನಿನ ಮುಖ್ಯ ಕಲಮುಗಳು 2027ರ ಡಿಸೆಂಬರಿನಿಂದ ಜಾರಿಗೆ ಬರುತ್ತವೆ. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆಯಿತು, 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಬಂತು. ಗುಜರಿಗೆ ಬಿದ್ದ ಮೇಲಿನ ಹೊಣೆಯನ್ನು ನಿಯಮ ನಿಮ್ಮ ಕಂಪನಿಗೆ ಹೊರಿಸಿದೆ. ಗುಜರಿಗೆ ಬೀಳದ ಹಾಗೆ ಮಾಡುವ ಕೆಲಸ ನಿಮ್ಮ ಮೇಜಿನ ಮೇಲೆಯೇ ಇದೆ, ಅದಕ್ಕೆ ನಿಯಮ ಬರುವವರೆಗೂ ಯಾಕೆ ಕಾಯಬೇಕು?

ಔಷಧಿ ತಯಾರಕರಿಗೆ ಬ್ಯಾಚು, ಅವಧಿ ಅಚ್ಚು ಹಾಕುವುದು ಅಸಾಧ್ಯವಾಗಲಿಲ್ಲ, ಹೆಬ್ಬೆರಳಿನಷ್ಟು ಅಗಲದ ಪಟ್ಟಿಯ ಮೇಲೆ ಜಾಗ ಮಾಡಿಕೊಂಡರು. ನಿಮ್ಮ ಡಬ್ಬಿಯ ಮೈ ಅದಕ್ಕಿಂತ ಎಷ್ಟೋ ದೊಡ್ಡದು. ಪರಿಷ್ಕರಣೆಯ ಸಂಖ್ಯೆ ಮುಂಭಾಗದಲ್ಲಿ ಇರಲಿ. ತಿದ್ದುಪಡಿ ನಿಲ್ಲುವ ವರ್ಷ ಪೆಟ್ಟಿಗೆಯ ಮೇಲೆ ಇರಲಿ, ಆಗ ಮಾಲೀಕರು ಕಡಿಮೆ ಬೆಲೆಯ ಡಬ್ಬಿ ಕೊಳ್ಳುವಾಗ ಎಷ್ಟು ವರ್ಷಕ್ಕೆ ಕೊಳ್ಳುತ್ತಿದ್ದೇವೆಂದು ತಿಳಿದೇ ಕೊಳ್ಳುತ್ತಾರೆ. ಒಂದು ಪರಿಷ್ಕರಣೆಯಲ್ಲಿ ದೋಷ ಕಂಡರೆ ಅದನ್ನು ಸಂಖ್ಯೆ ಸಮೇತ ಪ್ರಕಟಿಸಿ. ಎಬ್ಬಿಸುವ ವಿಧಾನವನ್ನು ಒಂದು ಪುಟದಲ್ಲಿ ಬರೆಯಿರಿ, ಸಾಧ್ಯವಾದರೆ ಕನ್ನಡದಲ್ಲೂ. ಇಲ್ಲಿ ಈ ಕೆಲಸ ಮಾಡುವ ಹುಡುಗರಲ್ಲಿ ಹಲವರು ಕನ್ನಡ ಶಾಲೆಯಲ್ಲಿ ಓದಿ ಬಂದವರು, ಬೆಸುಗೆಯಲ್ಲಿ ನನಗಿಂತ ಚುರುಕು.

ಬಿಡುವಾದಾಗ ಒಮ್ಮೆ ಬನ್ನಿ. ಹಸಿರು ಮಾರ್ಗದ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದರೆ ನಡೆದೇ ಬರಬಹುದು. ರಜೆಯ ದಿನ ಬೇಡ, ಬಿಲ್ಲಿಂಗ್ ಭರಾಟೆ ಇರುವ ಕೆಲಸದ ದಿನ ಬನ್ನಿ, ಡಬ್ಬಿಗಳನ್ನು ಅವು ದುಡಿಯುವ ಜಾಗದಲ್ಲೇ ನೋಡುವಿರಂತೆ. ಎಬ್ಬಿಸಲಾಗದೆ ಉಳಿದ ಕೆಲವನ್ನು ಪರಿಷ್ಕರಣೆ ಬರೆದು ಚೀಟಿ ಅಂಟಿಸಿ ತೆಗೆದಿಟ್ಟಿದ್ದೇನೆ. ಬರುವಾಗ ಸೀರಿಯಲ್ ಪಿನ್ನುಗಳ ನಕ್ಷೆ ಮತ್ತು ಬೂಟ್‌ಲೋಡರು ಟಿಎಫ್‌ಟಿಪಿಯಲ್ಲಿ ಹುಡುಕುವ ಕಡತದ ಹೆಸರು, ಇವೆರಡನ್ನು ಮರೆಯದೆ ತನ್ನಿ.

ಇಂತಿ ತಮ್ಮ ವಿಶ್ವಾಸಿ,
ಅಕ್ಕಿಪೇಟೆಯ ಅಂಗಡಿಗಳ ನೆಟ್‌ವರ್ಕ್ ನೋಡಿಕೊಳ್ಳುವ ಮೆಕ್ಯಾನಿಕ್